ಆರ್‌ಪಿಎಂ ಮುಳ್ಳು ಕುಣಿದರೆ ಮೀಟರ್ ಬಿಚ್ಚುವ ಮೊದಲು ಕೇಬಲ್ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 1959ರ ಟ್ರಯಂಫ್ ಟಿಆರ್3ಎ ಇದೆ. ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದೆಂದು ಆರ್‌ಪಿಎಂ ಮೀಟರಿನ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಮೀಟರ್) ಕೇಬಲ್‌ಗೆ ಚೆನ್ನಾಗಿ ಗ್ರೀಸ್ ತುಂಬಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಕೈಲ್ ಮುಹೂರ್ತ (ಸೆಪ್ಟೆಂಬರಿನ ಕೊಡವ ಹಬ್ಬ) ಕಳೆದ ಮೇಲೆ ಹೊರಗೆ ತೆಗೆದರೆ ಮುಳ್ಳು ಒಂದು ಕಡೆ ನಿಲ್ಲುತ್ತಿಲ್ಲ. ಎಂಜಿನ್ ಒಂದೇ ಸಮ ಓಡುತ್ತಿದ್ದರೂ 1500ರಿಂದ 2500ರವರೆಗೆ ತೂಗಾಡುತ್ತದೆ, ಡ್ಯಾಶಿನ ಹಿಂದೆ ಟಿಕ್ ಟಿಕ್ ಸದ್ದು. ಮೊನ್ನೆ ಸಂಪಾಜೆ ಘಾಟಿ ಇಳಿಯುವಾಗ ಮುಳ್ಳು ಏಕಾಏಕಿ ಕೊನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಮೀಟರಿನ ಒಳಗಿನದ್ದೆಲ್ಲ ತೆಗೆದು ಎಲೆಕ್ಟ್ರಾನಿಕ್ ಮಾಡಿಸಿ ಎಂದು ಗ್ಯಾರೇಜಿನವರು ಹೇಳುತ್ತಾರೆ. ಇರುವ ಮೀಟರನ್ನೇ ಉಳಿಸಿಕೊಳ್ಳಬಹುದೇ?
— ಓದುಗರು, ಸುಂಟಿಕೊಪ್ಪ

ಉತ್ತರ: ಉಳಿಸಿಕೊಳ್ಳಬಹುದು. ಮೀಟರ್ ಕೆಟ್ಟಿದೆ ಎನ್ನುವುದಕ್ಕೆ ನಿಮ್ಮ ವಿವರಣೆಯಲ್ಲಿ ಇನ್ನೂ ಯಾವ ಸಾಕ್ಷಿಯೂ ಇಲ್ಲ. ಮುಳ್ಳು ತೂಗಾಡುವುದು, ಟಿಕ್ ಸದ್ದು, ಕೊನೆಗೆ ಹೋಗಿ ನಿಲ್ಲುವುದು ಮೂರು ಬೇರೆ ಬೇರೆ ರೋಗಗಳಂತೆ ಕಂಡರೂ ನೀವೇ ಬರೆದಿರುವ ಒಂದು ಮಾತು ಮೂರನ್ನೂ ಜೋಡಿಸುತ್ತದೆ: ಕೇಬಲ್‌ಗೆ ‘ಚೆನ್ನಾಗಿ’ ತುಂಬಿದ ಗ್ರೀಸ್. ಅದು ಹೇಗೆ ಎಂದು ತಿಳಿಯಲು ಮೀಟರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ನ ಬುಡದಲ್ಲಿರುವ ಸಣ್ಣ ಗೇರ್ ಜೋಡಿ ಕೇಬಲ್‌ನ ಇನ್ನರನ್ನು, ಅಂದರೆ ಒಳಗಿನ ತಂತಿಯನ್ನು, ತಿರುಗಿಸುತ್ತದೆ. ಇನ್ನರ್ ಹೋಗಿ ಮೀಟರಿನೊಳಗಿನ ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತಕ್ಕೆ ತೀರಾ ಹತ್ತಿರ, ಆದರೆ ತಾಗದಂತೆ, ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು ಇದೆ. ಮುಳ್ಳು ಇರುವುದು ಈ ಬಟ್ಟಲಿನ ದಂಡಕ್ಕೆ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹ ಹುಟ್ಟಿ ಬಟ್ಟಲೂ ಅದೇ ದಿಕ್ಕಿಗೆ ಹೊರಳಲು ನೋಡುತ್ತದೆ; ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ನಮ್ಮ ಹಳೆಯ ಜೀಪುಗಳ ಸ್ಪೀಡೋಮೀಟರಿನಲ್ಲೂ ಇದೇ ವ್ಯವಸ್ಥೆ. ಹಾಗಾಗಿ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಜೀಪಿನ ಮೀಟರ್ ಕೇಬಲ್ ಮಾಡಿ ಕೈ ಪಳಗಿದ ಮೇಸ್ತ್ರಿಗೆ ಇದು ಹೊಸ ವಿದ್ಯೆಯಲ್ಲ.

ಈ ಜೋಡಣೆಯ ಜೀವ ಇರುವುದು ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಗ್ರೀಸ್ ಅಥವಾ ಎಣ್ಣೆ ತುಂಬಿದರೆ ಆಯಸ್ಕಾಂತ ಬಟ್ಟಲನ್ನು ನೇರವಾಗಿಯೇ ಎಳೆದುಕೊಂಡು ಹೋಗುತ್ತದೆ, ಸ್ಪ್ರಿಂಗಿನ ಶಕ್ತಿ ಸಾಲದೆ ಮುಳ್ಳು ಕೊನೆಗೆ ಹೋಗಿ ಬಡಿಯುತ್ತದೆ. ಸಂಪಾಜೆಯಲ್ಲಿ ಆಗಿದ್ದು ಬಹುಪಾಲು ಇದೇ. ಗ್ರೀಸ್ ಅಲ್ಲಿಗೆ ಏರಿದ್ದು ಕೇಬಲ್ ಮೂಲಕ. ಇನ್ನರ್ ಎನ್ನುವುದು ಸುರುಳಿ ಸುತ್ತಿದ ತಂತಿ. ಅದು ತಿರುಗುವಾಗ ಸುರುಳಿಯ ಸಂದಿನಲ್ಲಿರುವ ಹೆಚ್ಚುವರಿ ಗ್ರೀಸನ್ನು ಮೇಲಕ್ಕೆ ತಳ್ಳಬಲ್ಲದು. ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗ್‌ನಲ್ಲಿ ಆರ್‌ಪಿಎಂ ಬಹಳ ಹೊತ್ತು ಮೇಲೇ ಇರುತ್ತದೆ, ಎಂಜಿನ್ ಕೋಣೆಯ ಬಿಸಿಗೆ ಗ್ರೀಸ್ ತೆಳ್ಳಗಾಗಿರುತ್ತದೆ. ತೊಂದರೆ ಅಲ್ಲೇ ಕಾಣಿಸಿಕೊಂಡದ್ದು ಸಹಜ.

ಇನ್ನು ತೂಗಾಟ. ಮೊದಲು ಕಿವಿಗೊಟ್ಟು ಕೇಳಿ: ಮುಳ್ಳಿನ ಏರಿಳಿತದ ಜೊತೆಗೆ ಎಂಜಿನ್ ಸದ್ದೂ ಏರಿಳಿದರೆ ಮೀಟರ್ ಸತ್ಯವನ್ನೇ ಹೇಳುತ್ತಿದೆ, ಕಾರ್ಬೊರೇಟರ್ ಅಥವಾ ಇಗ್ನಿಷನ್ ಕಡೆ ನೋಡಬೇಕು. ಎಂಜಿನ್ ಸದ್ದು ಒಂದೇ ಸಮ ಇದ್ದು ಮುಳ್ಳು ಮಾತ್ರ ತೂಗಿದರೆ ಇನ್ನರ್ ಎಲ್ಲೋ ಹಿಡಿದು ಬಿಡುತ್ತಿದೆ. ಹಿಡಿದಾಗ ತಂತಿ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಒಮ್ಮೆಲೇ ಜಿಗಿಯುತ್ತದೆ. ಮುಳ್ಳಿನ ಕುಣಿತ, ಟಿಕ್ ಸದ್ದು ಎರಡೂ ಆ ಜಿಗಿತದಿಂದಲೇ. ಕಾರಣ ಮೂರರಲ್ಲಿ ಒಂದು: ಗಟ್ಟಿಯಾದ ಗ್ರೀಸ್, ಮಡಚಿಕೊಂಡ ಇನ್ನರ್, ಅಥವಾ ಔಟರ್ (ಇನ್ನರಿನ ಹೊರಗಿನ ಕೊಳವೆ) ಎಲ್ಲೋ ತೀರಾ ಬಾಗಿರುವುದು. ಬೆಳಗಿನ ಚಳಿಯಲ್ಲಿ ಹೆಚ್ಚು ಕುಣಿದು ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾದರೆ ಗ್ರೀಸಿನ ಮೇಲೆ ಅನುಮಾನ ಪಡಿ. ದಿನವಿಡೀ ಒಂದೇ ರೀತಿ ಕುಣಿದರೆ ತಂತಿಯೋ ಬಾಗುವಿಕೆಯೋ ಕಾರಣ.

ಕೆಲಸ ಶುರು ಮಾಡುವಾಗ ಬ್ಯಾಟರಿಯ ಒಂದು ತಂತಿ ಬಿಚ್ಚಿಡಿ. ಡ್ಯಾಶಿನ ಹಿಂದೆ ಕೈ ಹಾಕಿ ಕೇಬಲ್‌ನ ಗೆರೆಗೆರೆ ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ಬಿಚ್ಚಿ. ಇಕ್ಕಳ ಹಾಕಬೇಡಿ, ಮೀಟರಿನ ಕೊರಳು ಎರಕದ್ದು, ಸೀಳುತ್ತದೆ. ಕೇಬಲ್ ಬಿಚ್ಚಿದ ಕೂಡಲೇ ಮೀಟರಿನ ಚೌಕ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಗ್ರೀಸ್ ಮೆತ್ತಿಕೊಂಡಿದ್ದರೆ ಮೇಲಿನ ಅನುಮಾನ ಬಹುತೇಕ ನಿಜವಾಯಿತು. ಬ್ಯಾಟರಿ ಮತ್ತೆ ಜೋಡಿಸಿ, ಇನ್ನೊಬ್ಬರ ಕೈಯಲ್ಲಿ ಎಂಜಿನ್ ಚಾಲೂ ಮಾಡಿಸಿ, ಇನ್ನರಿನ ತುದಿ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಈ ಟಿಪ್ಪಣಿ ಮುಂದೆ ಮೂರು ಕಡೆ ಬೇಕಾಗುತ್ತದೆ. ತುದಿ ನಿಂತು ನಿಂತು ತಿರುಗಿದರೆ ದೋಷ ಕೇಬಲ್‌ನಲ್ಲಿ ಅಥವಾ ಅದರ ಕೆಳಗಿನ ಗೇರಿನಲ್ಲಿ; ಮೀಟರನ್ನು ಮುಟ್ಟುವ ಅಗತ್ಯ ಇನ್ನೂ ಬಂದಿಲ್ಲ.

ಈಗ ಎಂಜಿನ್ ನಿಲ್ಲಿಸಿ ಕೆಳತುದಿಯನ್ನೂ ಬಿಚ್ಚಿ ಇನ್ನರನ್ನು ಹೊರಗೆಳೆಯಿರಿ. ಅದನ್ನು ಒರೆಸಿ, ಗಾಜಿನ ಮೇಲೋ ನುಣುಪಾದ ಮೇಜಿನ ಮೇಲೋ ಅಂಗೈಯಿಂದ ಉರುಳಿಸಿ. ಎಲ್ಲಾದರೂ ಟಕ್ಕೆಂದು ಎದ್ದು ಬಿದ್ದರೆ ಅಲ್ಲಿ ಮಡಿಕೆಯಿದೆ. ಇನ್ನೊಂದು ಪರೀಕ್ಷೆ ಇನ್ನೂ ಖಚಿತ: ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ತಂತಿ ನಡುವೆ ಜೋತುಬೀಳುವಂತೆ ಬಿಟ್ಟು, ಒಂದು ತುದಿಯನ್ನು ನಿಧಾನವಾಗಿ ತಿರುಗಿಸಿ. ಇನ್ನೊಂದು ತುದಿಯೂ ಅಷ್ಟೇ ನಿಧಾನವಾಗಿ ಬೆರಳ ನಡುವೆ ತಿರುಗಬೇಕು. ತಡೆದು ನಿಂತು ಆಮೇಲೆ ಜಿಗಿದರೆ ಆ ಇನ್ನರ್ ಕೆಲಸಕ್ಕೆ ಬಾರದು. ಮಡಚಿದ ಇನ್ನರನ್ನು ಬಡಿದು ನೆಟ್ಟಗೆ ಮಾಡಲು ಹೋಗಬೇಡಿ. ಕಣ್ಣಿಗೆ ನೆಟ್ಟಗೆ ಕಂಡರೂ ಅದು ತಿರುಗುವಾಗ ಜಿಗಿಯುತ್ತಲೇ ಇರುತ್ತದೆ. ಚೌಕ ತುದಿಗಳ ಮೂಲೆ ಸವೆದು ದುಂಡಗಾಗಿದ್ದರೂ ಹೊಸದೇ ಬೇಕು.

ಹೊಸ ಇನ್ನರ್ ಕೊಳ್ಳುವಾಗ ಉದ್ದ, ದಪ್ಪ, ಎರಡೂ ತುದಿಯ ಚೌಕದ ಅಳತೆ ನೋಡಿದರೆ ಸಾಲದು. ತಂತಿಯ ಹೊರ ಸುತ್ತು ಯಾವ ಕಡೆಗಿದೆ ಎಂಬುದನ್ನೂ ನೋಡಬೇಕು. ತಿರುಗುವಾಗ ಸುತ್ತು ಬಿಗಿಯಾಗಬೇಕೇ ಹೊರತು ಬಿಚ್ಚಿಕೊಳ್ಳಬಾರದು. ಬೇರೆ ಗಾಡಿಯ ಇನ್ನರ್ ಕತ್ತರಿಸಿ ಹಾಕಿದಾಗ ಕೆಲವೇ ದಿನಗಳಲ್ಲಿ ಎಳೆ ಬಿಚ್ಚಿ ತುಂಡಾಗುವುದು ಇದೇ ಕಾರಣಕ್ಕೆ. ನೀವು ಬರೆದಿಟ್ಟ ದಿಕ್ಕಿನ ಮೊದಲ ಉಪಯೋಗ ಇದು.

ಔಟರನ್ನು ತೊಳೆಯಲು ಪೇಂಟ್ ಅಂಗಡಿಯ ಟರ್ಪೆಂಟೈನ್ 100 ಮಿಲಿ ಸಾಕು. ಪೆಟ್ರೋಲ್ ಬೇಡ. ಔಟರನ್ನು ಎತ್ತರಕ್ಕೆ ತೂಗುಹಾಕಿ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಸುರಿಯಿರಿ, ಕೆಳಗೆ ಇಳಿಯುವುದು ಕಪ್ಪಗಿರುವುದು ನಿಲ್ಲುವವರೆಗೆ ಮುಂದುವರಿಸಿ. ಆಮೇಲೆ ಗಾಳಿ ಹೊಡೆದು ಒಂದು ರಾತ್ರಿ ಪೂರ್ತಿ ಜೋತುಬಿಡಿ. ನಮ್ಮ ಕಡೆಯ ತೇವದಲ್ಲಿ ಇದು ಬೇಗ ಒಣಗುವುದಿಲ್ಲ, ಆದರೆ ಒಲೆಯ ಹತ್ತಿರವಂತೂ ಇಡಬೇಡಿ. ಇಳಿದು ಬಂದದ್ದರಲ್ಲಿ ಕೆಂಪು ಪುಡಿ ಕಂಡರೆ ಔಟರಿನೊಳಗೆ ನೀರು ಹೋಗಿದೆ. ಬಲ್ಕ್‌ಹೆಡ್ಡಿನಲ್ಲಿ (ಎಂಜಿನ್ ಕೋಣೆಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು) ಕೇಬಲ್ ತೂರುವ ಜಾಗದ ರಬ್ಬರ್ ನೋಡಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದ್ದರಿಂದ ಔಟರಿನ ಹೊದಿಕೆಯನ್ನು ಇಲಿ ಕಡಿದಿದೆಯೇ ಎಂದೂ ಬೆರಳಾಡಿಸಿ ನೋಡಿ.

ಈಗ ಗ್ರೀಸ್. ಇಡೀ ಕೇಬಲ್‌ಗೆ ಕಡಲೆಕಾಳಿನಷ್ಟು ಗ್ರೀಸ್ ಸಾಕು. ತೆಳು ಗ್ರಾಫೈಟ್ ಅಥವಾ ಮಾಲಿಬ್ಡಿನಂ ಗ್ರೀಸನ್ನು ಬೆರಳಲ್ಲಿ ತೆಗೆದುಕೊಂಡು ಇನ್ನರಿಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ತಂತಿ ಹೊಳೆಯಬೇಕು, ಗ್ರೀಸ್ ಕಣ್ಣಿಗೆ ಕಾಣಬಾರದು. ಮೀಟರ್ ಕಡೆಯ 200 ಮಿಲಿಮೀಟರ್ ಭಾಗವನ್ನು ಪೂರ್ತಿ ಒಣಗಿಸಿ ಹಾಕಿ. ಮೀಟರನ್ನು ಕಾಯುವುದು ಈ ಒಣ ಭಾಗವೇ. ಬೇರಿಂಗಿಗೆ ಹಾಕುವ ದಪ್ಪ ಗ್ರೀಸ್ ಇಲ್ಲಿಗೆ ಬೇಡ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆಯನ್ನಂತೂ ಹಾಕಲೇಬೇಡಿ, ಮಡಿಕೇರಿಯ ಡಿಸೆಂಬರ್ ಬೆಳಗಿಗೆ ಅದು ಔಟರಿನೊಳಗೇ ಹೆಪ್ಪುಗಟ್ಟುತ್ತದೆ.

ಕೇಬಲ್ ಮತ್ತೆ ಹಾಯಿಸುವಾಗ ಎಲ್ಲೂ 150 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಇರಬಾರದು. ಮೀಟರಿನಿಂದ ಹೊರಟ ಮೊದಲ 50 ಮಿಲಿಮೀಟರ್ ನೇರವಾಗಿರಬೇಕು. ಎಕ್ಸಾಸ್ಟ್ ಹತ್ತಿರ ಹೋಗದಂತೆ ಕ್ಲಿಪ್ ಹಾಕಿ, ಆದರೆ ಕ್ಲಿಪ್ ಔಟರನ್ನು ಹಿಸುಕಬಾರದು. ಕೆಳತುದಿ ಸರಿಯಾಗಿ ಕೂತ ಮೇಲೆ ಮೀಟರ್ ತುದಿಯಲ್ಲಿ ಇನ್ನರ್ ಔಟರಿನಿಂದ ಎಷ್ಟು ಹೊರಗಿದೆ ಎಂದು ಸ್ಕೇಲ್ ಇಟ್ಟು ಅಳೆಯಿರಿ: ಸುಮಾರು 10 ಮಿಲಿಮೀಟರ್ ಇರಬೇಕು. ಕಡಿಮೆಯಾದರೆ ಚೌಕದೊಳಗೆ ಸರಿಯಾಗಿ ಹಿಡಿಯದೆ ಜಾರುತ್ತದೆ. ಹೆಚ್ಚಾದರೆ ಇನ್ನೂ ಕೆಟ್ಟದ್ದು, ನಟ್ ಬಿಗಿಯುತ್ತಿದ್ದಂತೆ ಇನ್ನರ್ ಆಯಸ್ಕಾಂತದ ದಂಡವನ್ನು ಮೇಲಕ್ಕೆ ಒತ್ತಿ ಬಟ್ಟಲಿಗೆ ತಾಗಿಸುತ್ತದೆ. ಮುಳ್ಳು ಕೊನೆಗೆ ಹಾರುವುದಕ್ಕೆ ಗ್ರೀಸ್ ಬಿಟ್ಟರೆ ಎರಡನೆಯ ಕಾರಣ ಇದೇ. ಉದ್ದ ಸರಿಯಿಲ್ಲದ ಇನ್ನರ್ ಹಾಕಿ ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಬಹಳ ಕಡೆ ನಡೆಯುತ್ತದೆ. ನಟ್ ಬಿಗಿಯಾದ ಮೇಲೂ ಇನ್ನರಿಗೆ ಹಿಂದೆ ಮುಂದೆ ಕೂದಲೆಳೆಯಷ್ಟಾದರೂ ಆಟ ಉಳಿದಿರಬೇಕು.

ಕೆಳಗಿನ ಗೇರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೇಬಲ್ ತೆಗೆದಾಗ ಡ್ರೈವಿನ ಚೌಕವನ್ನು ಬೆರಳಿನಿಂದ ಆಡಿಸಿ ನೋಡಿ. ಸ್ವಲ್ಪ ಆಟ ಸಹಜ. ಸಿಕ್ಕಿ ಸಿಕ್ಕಿ ತಿರುಗಿದರೆ ಅಥವಾ ರೋಟರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಡಿಸ್ಟ್ರಿಬ್ಯೂಟರ್ ಶಾಫ್ಟೇ ಕದಲಿದರೆ ಬುಷ್ ಸವೆದಿದೆ. ಆಗ ಮೀಟರಿಗಿಂತ ಇಗ್ನಿಷನ್ ಟೈಮಿಂಗಿನ ಚಿಂತೆ ದೊಡ್ಡದು. ಬೇರೆ ಕಾರು ಇಟ್ಟುಕೊಂಡವರು ಗಮನಿಸಬೇಕಾದ ವ್ಯತ್ಯಾಸಗಳಿವೆ. ಎಂಜಿ ಟಿಡಿಯಲ್ಲಿ ಈ ಡ್ರೈವ್ ಡೈನಮೋದ ಹಿಂಬದಿಯಿಂದ ಬರುತ್ತದೆ, ಹಾಗಾಗಿ ಫ್ಯಾನ್ ಬೆಲ್ಟ್ ಜಾರಿದರೂ ಆರ್‌ಪಿಎಂ ಕಡಿಮೆ ತೋರಿಸುತ್ತದೆ. ಎಂಜಿಎಯಲ್ಲಿ ಕ್ಯಾಮ್‌ಶಾಫ್ಟಿನಿಂದ ಬರುವುದರಿಂದ ಎಂಜಿನ್ ಆಯಿಲೇ ಕೇಬಲ್ ಹಿಡಿದು ಮೀಟರಿಗೆ ಏರಬಲ್ಲದು. ಎಂಜಿ ಟಿಸಿಯ ಮೀಟರ್ ಬೇರೆ ಜಾತಿಯದು, ಒಳಗೆ ಗಡಿಯಾರದಂಥ ಯಂತ್ರವಿದ್ದು ಸುತ್ತುಗಳನ್ನು ಎಣಿಸುತ್ತದೆ. ಅದರ ಮುಳ್ಳು ಹಂತ ಹಂತವಾಗಿ ಜಿಗಿಯುವುದೂ ಟಿಕ್ ಎನ್ನುವುದೂ ದೋಷವಲ್ಲ.

ಕೇಬಲ್ ಸರಿಹೋದ ಮೇಲೂ ಮೀಟರಿನ ಮೇಲೆ ಅನುಮಾನ ಉಳಿದರೆ ಅದನ್ನು ಹೊರಗೆ ತೆಗೆದು ಡ್ರಿಲ್ಲಿನಿಂದ ಪರೀಕ್ಷಿಸಿ. ವೇಗ ಬದಲಿಸಬಹುದಾದ ಡ್ರಿಲ್ಲಿಗೆ ಹಳೆಯ ಇನ್ನರಿನ ತುದಿಯ ತುಂಡೊಂದನ್ನು ಸಿಕ್ಕಿಸಿ, ನೀವು ಬರೆದಿಟ್ಟ ದಿಕ್ಕಿಗೇ ತಿರುಗಿಸಿ. ಮುಳ್ಳು ಅಲುಗಾಡದೆ ಏರಿ, ಡ್ರಿಲ್ ನಿಲ್ಲಿಸಿದಾಗ ಸೊನ್ನೆಗೆ ಇಳಿದರೆ ಮೀಟರ್ ಆರೋಗ್ಯವಾಗಿದೆ. ಎಷ್ಟು ತೋರಿಸಬೇಕು ಎಂದು ತಿಳಿಯಲು ಕೇಬಲ್‌ನ ಅನುಪಾತ ಬೇಕು. ಅದನ್ನು ನೀವೇ ಕಂಡುಕೊಳ್ಳಿ: ಸ್ಪಾರ್ಕ್ ಪ್ಲಗ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಇಗ್ನಿಷನ್ ಆಫ್ ಮಾಡಿ, ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಎಂಜಿನನ್ನು ಸರಿಯಾಗಿ 20 ಸುತ್ತು ತಿರುಗಿಸಿ, ಇನ್ನರಿನ ಮೇಲ್ತುದಿಗೆ ಸಣ್ಣ ಟೇಪಿನ ಬಾವುಟ ಅಂಟಿಸಿ ಅದು ಎಷ್ಟು ಸುತ್ತು ಬಂತೆಂದು ಎಣಿಸಿ. 10 ಬಂದರೆ ಅನುಪಾತ 2:1, ಅಂದರೆ ಡ್ರಿಲ್ 1000ದಲ್ಲಿ ತಿರುಗುವಾಗ ಮೀಟರ್ 2000 ತೋರಿಸಬೇಕು. ಮೀಟರಿನ ಮುಖದ ಮೇಲೆ ಸಣ್ಣಕ್ಷರದಲ್ಲಿ ಅನುಪಾತ ಬರೆದಿದ್ದರೆ ಅದರ ಜೊತೆ ತಾಳೆ ನೋಡಿ. ಹಿಂದೆ ಯಾರೋ ಬೇರೆ ಕಾರಿನ ಮೀಟರ್ ಕೂರಿಸಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಕಾರಿನಲ್ಲೇ ಓದಿಕೆ ತಾಳೆ ನೋಡಲು ದುಬಾರಿ ಉಪಕರಣ ಬೇಕಿಲ್ಲ, ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸಾಕು. ನಮ್ಮ ಕರೆಂಟು 50 ಹರ್ಟ್ಸಿನದು, ಅಂಥ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದೇ ಒಂದು ಗೆರೆ ಎಳೆದು, ಕತ್ತಲಾದ ಮೇಲೆ ಆ ಬೆಳಕಿನಲ್ಲಿ ಎಂಜಿನ್ ಓಡಿಸಿ. 1000 ಆರ್‌ಪಿಎಂನಲ್ಲಿ ಗೆರೆ ಆರಾಗಿ ನಿಂತಂತೆ ಕಾಣುತ್ತದೆ, 1200ರಲ್ಲಿ ಐದು, 1500ರಲ್ಲಿ ನಾಲ್ಕು, 2000ದಲ್ಲಿ ಮೂರು, 3000ದಲ್ಲಿ ಎರಡು. 2400ರಲ್ಲೂ ಐದೇ ಕಾಣುವುದರಿಂದ ಐಡಲಿನಿಂದ ನಿಧಾನವಾಗಿ ಏರಿಸುತ್ತಾ ಕ್ರಮವಾಗಿ ಎಣಿಸಿಕೊಂಡು ಹೋಗಿ. ಕೆಇಬಿ ಕರೆಂಟು ಇರುವಾಗಲೇ ಮಾಡಿ. ಯುಪಿಎಸ್ ಅಥವಾ ಜನರೇಟರಿನ ಆವರ್ತನವನ್ನು ನಂಬುವಂತಿಲ್ಲ, ಎಲ್‌ಇಡಿ ದೀಪವೂ ಆಗದು. ಇದರಲ್ಲಿ ಅಪಾಯವೂ ಇದೆ, ಹಗುರವಾಗಿ ತೆಗೆದುಕೊಳ್ಳಬೇಡಿ: ಆ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣಬಹುದು. ಕೈ, ಶಾಲು, ಪಂಚೆಯ ಅಂಚು ಯಾವುದೂ ಹತ್ತಿರ ಹೋಗಬಾರದು. ಶೆಡ್ಡಿನ ಬಾಗಿಲುಗಳನ್ನು ಪೂರ್ತಿ ತೆರೆದಿಡಿ, ಎಕ್ಸಾಸ್ಟ್ ಹೊಗೆ ಪ್ರಾಣ ತೆಗೆಯುತ್ತದೆ.

ಗ್ರೀಸ್ ಮೀಟರಿನೊಳಗೆ ಹೋಗಿರುವುದು ಖಚಿತವಾದರೆ ಮಾತ್ರ ಬಿಚ್ಚಿ. ಗಾಜಿನ ಸುತ್ತಿನ ಬಳೆಯನ್ನು ನಿಧಾನವಾಗಿ ತಿರುಗಿಸಿ, ಅದರ ನಾಲಿಗೆಗಳು ಡಬ್ಬಿಯ ಕಚ್ಚುಗಳಿಗೆ ನೇರವಾದಾಗ ಎತ್ತಿ. ರಬ್ಬರ್ ಅಂಟಿಕೊಂಡಿದ್ದರೆ ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಕೊಡಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಮುಳ್ಳನ್ನು ದಂಡದಿಂದ ಕೀಳುವುದು ಬೇಡ. ಅದನ್ನು ತಡೆಗೂಟದ ಮೇಲಿಂದ ಮೆಲ್ಲಗೆ ಎತ್ತಿ ಬಿಟ್ಟು, ಸ್ಪ್ರಿಂಗ್ ಅದನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಂದೆ ಯಾವತ್ತಾದರೂ ಮುಳ್ಳು ಕದಲಿದರೆ ಸರಿಯಾದ ಜಾಗ ತೋರಿಸುವುದು ಈ ಫೋಟೊ ಮಾತ್ರ. ಆಮೇಲೆ ಮುಳ್ಳನ್ನು ಹಾಗೆಯೇ ತಡೆಗೂಟದ ಮೇಲಿಂದ ಹಿಂದಕ್ಕೆ ತಂದು ಕೂರಿಸಿ.

ಡಬ್ಬಿಯ ಹಿಂಬದಿಯ ಸ್ಕ್ರೂ ತೆಗೆದು ಯಂತ್ರವನ್ನು ಮುಖದ ಸಮೇತ ಹೊರತೆಗೆದು ಸ್ವಚ್ಛ ಬಿಳಿ ಕಾಗದದ ಮೇಲಿಡಿ. ಗ್ಯಾರೇಜಿನ ಮೇಜು ಆಗದು, ಅಲ್ಲಿನ ಕಬ್ಬಿಣದ ಪುಡಿಯೆಲ್ಲ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಬ್ಲಾಟಿಂಗ್ ಪೇಪರಿನ ಸಣ್ಣ ಪಟ್ಟಿಗಳನ್ನು ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ತೂರಿಸಿ ಗ್ರೀಸ್ ಹೀರಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಪಟ್ಟಿಯಿಂದ ಒರೆಸಿ. ಆಲ್ಕೊಹಾಲ್ ಮುಖದ ಅಂಕಿಗಳಿಗೆ ತಾಗಿದರೆ ಬಣ್ಣ ಏಳುತ್ತದೆ. ಉಕ್ಕಿನ ಉಪಕರಣ ಆಯಸ್ಕಾಂತಕ್ಕೆ ತಾಗಬಾರದು, ಅದರ ಬಲ ಕುಗ್ಗಿದರೆ ಮೀಟರ್ ಎಲ್ಲ ವೇಗದಲ್ಲೂ ಕಡಿಮೆ ತೋರಿಸುತ್ತದೆ. ಕೆಳಗಿನ ದಂಡದ ಬುಷ್‌ಗೆ ವಾಚ್ ಎಣ್ಣೆ ಒಂದು ಹನಿ, ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ. ಮುಳ್ಳಿನ ದಂಡಕ್ಕೆ ಎಣ್ಣೆ ಬೇಡ. ಸ್ಪ್ರೇ ಎಣ್ಣೆಯನ್ನು ಮೀಟರಿನ ಹತ್ತಿರವೂ ತರಬೇಡಿ. ಇನ್ನೊಂದು ಎಚ್ಚರಿಕೆ, ಇದು ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಜೀಪು ಇಟ್ಟುಕೊಂಡವರಿಗೆ ಮುಖ್ಯವಾಗಿ: ಕತ್ತಲಲ್ಲಿ ಕಾಣಲೆಂದು ಅಂಕಿಗಳ ಮೇಲೆ ದಪ್ಪ ಬಣ್ಣ ಹಚ್ಚಿದ ಆ ಕಾಲದ ಮೀಟರುಗಳಲ್ಲಿ ರೇಡಿಯಂ ಇರಬಹುದು. ಅವನ್ನು ಬಿಚ್ಚಬೇಡಿ, ಕೆರೆಯಬೇಡಿ, ಪುಡಿ ಮೂಗಿಗೆ ಹೋಗಬಾರದು.

ಎಲೆಕ್ಟ್ರಾನಿಕ್ ಮಾಡಿಸುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಆ ಕೆಲಸದಲ್ಲಿ ಆಯಸ್ಕಾಂತ, ಬಟ್ಟಲು, ಸ್ಪ್ರಿಂಗ್ ಎಲ್ಲವನ್ನೂ ತೆಗೆದು ಖಾಲಿ ಡಬ್ಬಿಯಲ್ಲಿ ಬೇರೆ ಯಂತ್ರ ಕೂರಿಸುತ್ತಾರೆ, ತೆಗೆದದ್ದು ಮತ್ತೆ ಕಾರಿನ ಜೊತೆ ಉಳಿಯುವುದು ಅಪರೂಪ. ಸ್ಪ್ರಿಂಗ್ ತಿರುಚಿಹೋಗಿದ್ದರೆ ಅಥವಾ ಬಟ್ಟಲು ನಜ್ಜಾಗಿದ್ದರೆ ಹಳೆಯ ಮೀಟರ್ ರಿಪೇರಿ ಮಾಡುವವರಿಗೆ ಕಳಿಸಿ. ಜೊತೆಗೆ ನೀವು ಎಣಿಸಿದ ಅನುಪಾತ, ಇನ್ನರ್ ತಿರುಗುವ ದಿಕ್ಕು, ಮುಳ್ಳಿನ ಫೋಟೊ ಮೂರನ್ನೂ ಕೊಡಿ. ಇವಿಲ್ಲದೆ ಅವರು ಸರಿಯಾಗಿ ಅಳತೆ ಕೂಡಿಸಲಾರರು.

ಕೆಲಸ ಮುಗಿಯುವವರೆಗೆ ಕಾರು ಓಡಿಸಲೇಬೇಕಿದ್ದರೆ ಇನ್ನರನ್ನು ಪೂರ್ತಿ ಹೊರತೆಗೆದಿಡಿ, ಔಟರನ್ನು ಅದರ ಜಾಗದಲ್ಲೇ ಬಿಟ್ಟು ಮೇಲ್ತುದಿಗೆ ಟೇಪ್ ಸುತ್ತಿ. ಮೂಲ ಅಳತೆಯ ಟೈರು, ಮೂಲ ಗೇರ್‌ಬಾಕ್ಸ್ ಮತ್ತು 3.7 ಅನುಪಾತದ ಹಿಂದಿನ ಆಕ್ಸಲ್ ಇದ್ದು ಓವರ್‌ಡ್ರೈವ್ ಹಾಕದಿದ್ದರೆ, ಪ್ರತಿ 1000 ಆರ್‌ಪಿಎಂಗೆ ಟಿಆರ್3ಎ ಟಾಪ್ ಗೇರಿನಲ್ಲಿ ಸುಮಾರು 32 ಕಿಲೋಮೀಟರ್, ಮೂರನೆಯದರಲ್ಲಿ 24, ಎರಡನೆಯದರಲ್ಲಿ 16 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಎರಡನೇ ಗೇರಿನಲ್ಲಿ ಘಾಟಿ ಇಳಿಯುವಾಗ ಗಂಟೆಗೆ 48 ಕಿಲೋಮೀಟರ್ ಎಂದರೆ ಎಂಜಿನ್ 3000ದಲ್ಲಿದೆ ಎಂದರ್ಥ.